ಒಳಗೆ ಬಿಟ್ಟ ಬಟ್ಟೆ

ಮೈಸೂರು
ವಿಜಯದಶಮಿ ಕಳೆದ ಮೂರನೆಯ ದಿನ

ಪ್ರೀತಿಯ ಗೆಳತಿ,

‘ನೀವು ಅನ್ನಬೇಡಿ ಅಕ್ಕಾ, ನಾನು ನಿಮಗಿಂತ ತುಂಬಾ ಚಿಕ್ಕವಳು’ ಎಂದು ಕಾಗದದ ಕೊನೆಯಲ್ಲಿ ಬರೆದಿದ್ದೆಯಲ್ಲ, ಹಾಗೇ ಆಗಲಿ. ನಿನ್ನ ಕಾಗದ ಬಂದು ವಾರವಾಯಿತು. ಜಂಬೂಸವಾರಿ ನೋಡಲು ನಮ್ಮ ಮನೆಗೂ ನೆಂಟರ ದಂಡು ಬಂದಿತ್ತು. ಅವರನ್ನೆಲ್ಲ ಬಸ್ಸು ಹತ್ತಿಸಿ, ಹೊದಿಕೆಗಳನ್ನು ಒಗೆದು ಒಣಗಲು ಹಾಕಿ, ಈಗ ಪೆನ್ನು ಹಿಡಿದು ಕೂತಿದ್ದೇನೆ.

ನೀನು ಬರೆದದ್ದರಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ರವಿಕೆಯ ಸಂಗತಿ. ತುಳಸಿ ಹಬ್ಬ ಕಳೆದ ಮೇಲೆ ತಮ್ಮನ ಮದುವೆ. ನಿನ್ನ ಧಾರೆ ಸೀರೆಯನ್ನೇ ಉಡಬೇಕು ಅಂತ ಅಮ್ಮನ ಆಸೆ. ಹೆರಿಗೆಯಾಗಿ ಹತ್ತು ತಿಂಗಳು. ರವಿಕೆ ತೋಳಿನಲ್ಲೇ ಸಿಕ್ಕಿಕೊಂಡಿತು. ಅವತ್ತೇ ಅನ್ನ ಬಿಟ್ಟೆ. ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಮಧ್ಯಾಹ್ನ ಒಂದು ಬಟ್ಟಲು ಸೌತೆಕಾಯಿ, ರಾತ್ರಿ ಒಂದೇ ಚಪಾತಿ. ಆರನೆಯ ರಾತ್ರಿ ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯ ದೀಪವನ್ನೂ ಹಾಕದೆ, ಗೊಂಬೆ ನೋಡಲು ಬರುವ ಮಕ್ಕಳಿಗೆಂದು ಡಬ್ಬಿಯಲ್ಲಿ ತುಂಬಿಟ್ಟಿದ್ದ ರವೆ ಉಂಡೆಗಳಲ್ಲಿ ಒಂಬತ್ತನ್ನು ನಿಂತೇ ತಿಂದೆ. ಆಮೇಲೆ ಬಚ್ಚಲಲ್ಲಿ ಕೂತು ಅತ್ತೆ. ‘ನನಗೆ ಮನೋಬಲವೇ ಇಲ್ಲ ಅಕ್ಕಾ’ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದೀಯ.

ಆ ಎರಡು ಗೆರೆಗೇ ನನ್ನ ತಕರಾರು.

ನನ್ನಲ್ಲಿಗೆ ಕೌನ್ಸೆಲಿಂಗಿಗೆ ಬರುವವರ ಕಥೆಯನ್ನು ನಿನಗೆ ಹೇಳುವಂತಿಲ್ಲ. ಅದರ ಬದಲು ಎಂಬತ್ತು ವರ್ಷದ ಹಿಂದಿನ ಒಂದು ಕಥೆ ಹೇಳುತ್ತೇನೆ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳು, 1944ರ ನವೆಂಬರ್. ಯೂರೋಪಿನಲ್ಲಿ ಲಕ್ಷಾಂತರ ಜನ ಹಸಿದಿದ್ದರು. ಯುದ್ಧ ಮುಗಿದ ಮೇಲೆ ಅವರಿಗೆ ಹೇಗೆ ಉಣಿಸಬೇಕು ಎಂದು ತಿಳಿಯಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗಕ್ಕೆ ಕೈಹಾಕಿದ. ಬಂದೂಕು ಹಿಡಿಯುವುದಿಲ್ಲ ಎಂದಿದ್ದ 36 ಮಂದಿ ತರುಣರು ತಾವಾಗಿ ಮುಂದೆ ಬಂದರು. ಮೈ ಮನಸ್ಸು ಎರಡೂ ಗಟ್ಟಿ ಇದ್ದವರನ್ನೇ ಆರಿಸಿದ್ದರು. 24 ವಾರ ಅವರಿಗೆ ಅರೆಹೊಟ್ಟೆ: ಬ್ರೆಡ್ಡು, ಆಲೂಗಡ್ಡೆ, ಎಲೆಕೋಸು, ಮ್ಯಾಕರೋನಿ ಇಂಥದ್ದು, ದಿನಕ್ಕೆ ಎರಡೇ ಊಟ, ಸರಾಸರಿ 1,570 ಕ್ಯಾಲೊರಿ. ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡಿಗೆ.

ಅವರ ಮೈತೂಕ ಕಾಲು ಭಾಗದಷ್ಟು ಇಳಿಯಿತು, ಅದು ನಿರೀಕ್ಷಿಸಿದ್ದೇ. ಮನಸ್ಸಿಗೆ ಆದದ್ದನ್ನು ಕೇಳು. ಅಡುಗೆಯ ಗಂಧಗಾಳಿ ಇಲ್ಲದ ಹುಡುಗರು ಅಡುಗೆ ಪುಸ್ತಕ ಕೂಡಿಹಾಕತೊಡಗಿದರು, ರಾತ್ರಿ ಮಲಗಿ ಅದನ್ನೇ ಓದುತ್ತಿದ್ದರು. ಒಂದು ಊಟವನ್ನು ಗಂಟೆಗಟ್ಟಲೆ ಎಳೆದರು, ತಟ್ಟೆ ನೆಕ್ಕಿದರು. ಚೂಯಿಂಗ್ ಗಮ್ಮು, ಕಾಫಿಗೆ ಮಿತಿಯೇ ಇಲ್ಲದಂತಾಯಿತು. ಓದು, ಗೆಳೆತನ, ಹೆಣ್ಣು ಯಾವುದರಲ್ಲೂ ಆಸಕ್ತಿ ಉಳಿಯಲಿಲ್ಲ. ಸಿಡುಕು, ಅಳು, ಮಂಕು. ಕೆಲವರು ಕದ್ದು ತಿಂದು, ಆಮೇಲೆ ತಮ್ಮನ್ನೇ ಹಳಿದುಕೊಂಡರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕ ಮೇಲೂ ಎಷ್ಟೋ ಮಂದಿಗೆ ವಾರಗಟ್ಟಲೆ ಹೊಟ್ಟೆ ತುಂಬಿತು ಅನ್ನಿಸಲೇ ಇಲ್ಲ. ಬಿರಿಯುವಷ್ಟು ತಿಂದೂ ಹಸಿವು ಎನ್ನುತ್ತಿದ್ದರು.

ಯುದ್ಧವನ್ನೇ ನಿರಾಕರಿಸಿ ನಿಂತವರಿಗೆ ಮನೋಬಲ ಇರಲಿಲ್ಲ ಅನ್ನುತ್ತೀಯಾ? ದೇಹಕ್ಕೆ ತಮ್ಮನ ಮದುವೆಯ ತಾರೀಖು ಗೊತ್ತಿಲ್ಲ, ಧಾರೆ ಸೀರೆ ಗೊತ್ತಿಲ್ಲ. ಅನ್ನ ನಿಂತಿತು ಎಂದರೆ ಅದಕ್ಕೆ ತಿಳಿಯುವುದು ಬರಗಾಲ ಬಂತು ಎಂದಷ್ಟೇ. ಆಗ ಅದು ನಿನ್ನ ತಲೆಯೊಳಗೆ ಹಗಲೂ ರಾತ್ರಿ ತಿಂಡಿಯ ಮಾತನ್ನೇ ಆಡುತ್ತದೆ, ಎಲ್ಲಿ ಡಬ್ಬಿ ಇದೆಯೋ ಅಲ್ಲಿಗೆ ನಡೆಸಿಕೊಂಡು ಹೋಗುತ್ತದೆ. ನೀನಂತೂ ಹಾಲೂಡಿಸುತ್ತಿರುವ ತಾಯಿ. ಬರೀ ಹಾಲು ತಯಾರಾಗುವುದಕ್ಕೇ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಿಗೆ ಬೇಕು. ನೀನು ಉಣ್ಣುತ್ತಿದ್ದದ್ದು ಆ ಹುಡುಗರಿಗಿಂತ ಎಷ್ಟೋ ಕಡಿಮೆ. ಆರು ದಿನ ತಡೆದೆ ಎಂಬುದೇ ನನಗೆ ಆಶ್ಚರ್ಯ.

ಇನ್ನೊಂದು ತಮಾಷೆ. ನಿನ್ನ ಫೋನಿನ ಆ್ಯಪು ‘ನೀವು ಅಧಿಕ ತೂಕ’ ಎಂದು ಕೆಂಪಕ್ಷರದಲ್ಲಿ ತೋರಿಸುವ ಬಿಎಂಐಗೆ ಆ ಹೆಸರನ್ನು 1972ರಲ್ಲಿ ಇಟ್ಟವರಲ್ಲಿ ಇದೇ ಆನ್ಸೆಲ್ ಕೀಸ್ ಒಬ್ಬ. ಸೂತ್ರ ಅದಕ್ಕಿಂತ ಹಳೆಯದು, ಕೆಟ್ಲೆ ಎಂಬ ಬೆಲ್ಜಿಯಂ ದೇಶದ ಖಗೋಳ ಮತ್ತು ಸಂಖ್ಯಾಶಾಸ್ತ್ರಜ್ಞ 1830ರ ದಶಕದಲ್ಲಿ ಕೊಟ್ಟದ್ದು. ಅವನು ಲೆಕ್ಕ ಹಾಕಿದ್ದು ಸಾವಿರಾರು ಜನರ ಸರಾಸರಿಯನ್ನು. ಹತ್ತು ತಿಂಗಳ ಬಾಣಂತಿಯೊಬ್ಬಳು ಕನ್ನಡಿ ಮುಂದೆ ನಿಂತು ಅತ್ತುಕೊಳ್ಳಲಿ ಎಂದಲ್ಲ. ತೂಕದಿಂದ ಸಕ್ಕರೆ ಕಾಯಿಲೆ, ಬಿಪಿ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಬರುತ್ತದೆ. ಆದರೆ ಅದನ್ನು ನೋಡಬೇಕಾದ್ದು ಡಾಕ್ಟರು, ರಕ್ತಪರೀಕ್ಷೆ ಮಾಡಿಸಿ, ನಿಧಾನವಾಗಿ. ಮದುವೆಗೆ ಇನ್ನು ನಲವತ್ತು ದಿನ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಲ್ಲ. ಹೆರಿಗೆಯ ನಂತರದ ಮಂಕಿಗೆ ಥೈರಾಯ್ಡ್ ಕೂಡ ಕಾರಣವಿರಬಹುದು, ಒಮ್ಮೆ ಪರೀಕ್ಷೆ ಮಾಡಿಸು.

‘ಚಳಿಗಾಲ ಬಂದರೆ ಮನಸ್ಸು ಕುಗ್ಗುವ ಕಾಯಿಲೆ ಇದೆಯಂತೆ, ನನಗೂ ಅದೇನಾ?’ ಎಂದು ಕೇಳಿದ್ದೆ. ಇದೆ. ನಾರ್ಮನ್ ರೋಸೆಂಥಾಲ್ ಮತ್ತು ಅವನ ಜೊತೆಗಾರರು 1984ರಲ್ಲಿ ಅದನ್ನು ವಿವರಿಸಿ ಬರೆದರು. ಸ್ಟಾಕ್‌ಹೋಮಿನಲ್ಲಿರುವ ನಿನ್ನ ಓರಗಿತ್ತಿ ಡಿಸೆಂಬರಿನಲ್ಲಿ ಸುಮ್ಮಸುಮ್ಮನೆ ಅಳುತ್ತಾಳೆ ಎಂದೆಯಲ್ಲ, ಅವಳು ಇದನ್ನು ಅಲ್ಲಿನ ಡಾಕ್ಟರ ಹತ್ತಿರ ಖಂಡಿತ ಮಾತಾಡಬೇಕು. ಅಲ್ಲಿ ಆಗ ಹಗಲೆಂದರೆ ಆರು ಗಂಟೆ. ಬೆಳಿಗ್ಗೆ ಅರ್ಧ ಗಂಟೆ ಪ್ರಖರ ದೀಪದ ಮುಂದೆ ಕೂರಿಸುವ ಚಿಕಿತ್ಸೆಯೂ ಇದೆ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ನಮ್ಮವರನ್ನು ಕಾಡುವುದು ಪಂಚಾಂಗ. ಶ್ರಾವಣದಿಂದ ಶುರುವಾದರೆ ವರಮಹಾಲಕ್ಷ್ಮಿ, ಗೌರಿ, ದಸರೆ, ದೀಪಾವಳಿ, ಅದರ ಬೆನ್ನಿಗೇ ಲಗ್ನದ ಕಾಲ. ಒಂದೊಂದಕ್ಕೂ ಹೊಸ ಬಟ್ಟೆ, ಹಳೆಯ ನೆಂಟರು, ಮತ್ತು ಫೋಟೊ. ಆಷಾಢದಲ್ಲಿ ನನ್ನ ಹತ್ತಿರ ಬರುವವರ ಮಾತು ಕೆಲಸ, ಸಂಸಾರ ಅಂತ ಇರುತ್ತದೆ. ಕಾರ್ತಿಕ ಬಂತೆಂದರೆ ಮಾತು ಮೈಯ ಕಡೆಗೆ ತಿರುಗುತ್ತದೆ.

ನೆಂಟರು ಕೆಟ್ಟವರೇನಲ್ಲ, ಅದೇ ಕಷ್ಟ. ‘ಏನಮ್ಮಾ, ಬಾಣಂತನದಲ್ಲಿ ಸರಿಯಾಗಿ ಹೊಟ್ಟೆ ಕಟ್ಟಲಿಲ್ವಾ?’ ಎಂದ ನಿನ್ನ ದೊಡ್ಡಮ್ಮನೇ ನಿನಗೆ ಅಂಟಿನುಂಡೆ ಮಾಡಿ ತಂದವರು. ‘ಚೆನ್ನಾಗಿದ್ದೀಯಾ?’ ಎಂದು ಕೇಳಲು ಆ ತಲೆಮಾರಿಗೆ ಗೊತ್ತಿರುವ ದಾರಿ ಮೈ ಅಳೆಯುವುದೊಂದೇ. ತೆಳ್ಳಗಿದ್ದವರಿಗೂ ಬಿಡುಗಡೆಯಿಲ್ಲ. ‘ಅತ್ತೆ ಮನೇಲಿ ಊಟ ಹಾಕಲ್ವಾ?’ ಎಂದು ಕೇಳಿಸಿಕೊಂಡ ಹೆಣ್ಣುಮಕ್ಕಳನ್ನೂ ಕಂಡಿದ್ದೇನೆ, ‘ಕಡ್ಡಿ ಪೈಲ್ವಾನ್’ ಎಂಬ ಹೆಸರು ಹೊತ್ತು ನಲವತ್ತು ದಾಟಿದ ಗಂಡಸರನ್ನೂ ಕಂಡಿದ್ದೇನೆ. ಗಂಡಸರು ತಲೆನೋವು, ನಿದ್ದೆ ಇಲ್ಲ ಎಂದು ಬರುತ್ತಾರೆ. ಈ ಮಾತು ಬಾಯಿಗೆ ಬರಲು ಅವರಿಗೆ ನಾಲ್ಕೈದು ಭೇಟಿ ಬೇಕು. ಚರಕಸಂಹಿತೆಯಲ್ಲಿ ದೋಷವೆಂದು ಹೇಳಿದ ಎಂಟು ಬಗೆಯ ದೇಹಗಳ ಪಟ್ಟಿಯಿದೆ. ಅತಿ ದಪ್ಪದ ಜೊತೆಗೆ ಅತಿ ತೆಳು, ಅತಿ ಕಪ್ಪಿನ ಜೊತೆಗೆ ಅತಿ ಬಿಳುಪೂ ಅದರಲ್ಲಿದೆ. ನಮ್ಮ ವಧೂವರ ಜಾಹೀರಾತು ಬರೆಯುವವರು ಅರ್ಧ ಪಟ್ಟಿಯನ್ನಷ್ಟೇ ಓದಿದ್ದಾರೆ.

ನನ್ನದೂ ಒಂದು ಮದುವೆಯ ಕಥೆ ಇದೆ. ಬಿ.ಎ. ಎರಡನೆಯ ವರ್ಷದಲ್ಲಿ ದೊಡ್ಡಪ್ಪನ ಮಗಳ ಮದುವೆ. ನಿಶ್ಚಿತಾರ್ಥದ ದಿನ ನಮ್ಮ ಸೋದರತ್ತೆಯೊಬ್ಬರು ಎಲ್ಲರ ಮುಂದೆ, ‘ಇವಳನ್ನ ನೋಡಿ, ಮದುಮಗಳ ಅಮ್ಮನ ಹಾಗಿದ್ದಾಳೆ’ ಎಂದು ನಕ್ಕರು. ಎರಡು ತಿಂಗಳು ಹಾಸ್ಟೆಲಿನಲ್ಲಿ ರಾತ್ರಿ ಊಟ ಬಿಟ್ಟೆ. ಮದುವೆಯ ಆಲ್ಬಮ್ಮಿನಲ್ಲಿ ತೆಳ್ಳಗೆ, ಕೆನ್ನೆ ಒಳಗೆ ಹೋಗಿ ನಿಂತಿದ್ದೇನೆ. ಎಲ್ಲರೂ ಹೊಗಳಿದರಂತೆ. ಧಾರೆ ನೋಡಿದ ನೆನಪು ನನಗಿಲ್ಲ. ಆದರೆ ಅವತ್ತಿನ ಊಟದ ಎಲೆಯನ್ನು ಈಗ ಕೇಳಿದರೂ ಹೇಳಬಲ್ಲೆ: ಉಪ್ಪು, ಕೋಸಂಬರಿ ಎರಡು ಬಗೆ, ಹುರುಳಿಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ, ಆಂಬೊಡೆ, ಹಾಲುಹೋಳಿಗೆ, ಬೂಂದಿ ಲಾಡು. ಯಾವುದನ್ನೂ ತಿಂದಿರಲಿಲ್ಲ. ವರ್ಷಗಳಾದ ಮೇಲೆ, ಮಿನೆಸೋಟದ ಹುಡುಗರು ಅಡುಗೆ ಪುಸ್ತಕ ಹಿಡಿದು ಮಲಗುತ್ತಿದ್ದ ಸಂಗತಿ ಓದಿದಾಗ, ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಈಗ ನಿನ್ನ ವಿಷಯ. ಊಟ ಬಿಡಬೇಡ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಅನ್ನವೋ ಮುದ್ದೆಯೋ, ಸಂಜೆ ಏನಾದರೊಂದು, ರಾತ್ರಿ ಊಟ. ಹಬ್ಬದ ದಿನ ‘ಒಬ್ಬಟ್ಟಿಗೆ ಜಾಗ ಇರಲಿ’ ಎಂದು ಬೆಳಿಗ್ಗೆ ಉಪವಾಸ ಕೂತವರೇ ಸಂಜೆ ಡಬ್ಬಿಗೆ ಕೈ ಹಾಕುವುದು. ಕಜ್ಜಾಯವನ್ನು ಹಗಲಿನಲ್ಲಿ, ಕೂತು, ಎಲ್ಲರ ಜೊತೆ ತಿನ್ನು. ದೊಡ್ಡಮ್ಮ ಹೊಟ್ಟೆಯ ಮಾತು ತೆಗೆದರೆ ವಾದಕ್ಕೆ ಇಳಿಯಬೇಡ, ‘ಮಗು ಚೆನ್ನಾಗಿದೆ ದೊಡ್ಡಮ್ಮಾ, ಎತ್ತಿಕೊಳ್ಳಿ’ ಎಂದು ಮಗುವನ್ನು ಅವರ ತೊಡೆಗೆ ಹಾಕು. ಅದು ಹತ್ತು ನಿಮಿಷ ಅವರ ಬಾಯಿ ಕಟ್ಟುತ್ತದೆ. ಅಮ್ಮನಿಗೆ ಮಾತ್ರ ಮೊದಲೇ ನೇರವಾಗಿ ಹೇಳು, ‘ಈ ಮಾತು ನನಗೆ ನೋವಾಗುತ್ತೆ’ ಅಂತ. ನರಕ ಚತುರ್ದಶಿಯ ದಿನ ಅವರು ಎಣ್ಣೆ ಹಚ್ಚಲು ಕರೆದರೆ ನಾಚಿಕೊಂಡು ಬಚ್ಚಲ ಬಾಗಿಲು ಹಾಕಿಕೊಳ್ಳಬೇಡ. ಹೋಗಿ ಮಣೆ ಮೇಲೆ ಕೂರು.

ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳಬೇಕು. ತಿಂದದ್ದನ್ನು ಬೇಕೆಂದೇ ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು, ತಲೆಸುತ್ತಿ ಬೀಳುವುದು, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದಿರುವುದು, ಬದುಕೇ ಬೇಡ ಅನ್ನಿಸುವುದು, ಇವುಗಳಲ್ಲಿ ಒಂದು ಕಂಡರೂ ನನ್ನ ಮುಂದಿನ ಕಾಗದಕ್ಕೆ ಕಾಯಬೇಡ. ಟೆಲಿ-ಮಾನಸ್ ಎಂಬ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಂಗಳವಾರ ನೋಡುವ ಏರ್ಪಾಡು ಮಾಡಿದ್ದಾರೆ. ಅಲ್ಲಿಗೆ ಹೋದರೆ ಹುಚ್ಚಿ ಅನ್ನುತ್ತಾರೆ ಎಂದು ಹಿಂಜರಿಯಬೇಡ. ಕೂತವರೆಲ್ಲ ನಿನ್ನ ನನ್ನಂಥವರೇ.

ಇನ್ನು ರವಿಕೆ. ಅದನ್ನು ಬೀರುವಿನಿಂದ ತೆಗೆದು, ಒಳಮಗ್ಗಲು ಮಾಡಿ, ಪಕ್ಕದ ಹೊಲಿಗೆ ನೋಡು. ಸಾಲಾಗಿ ಎರಡೋ ಮೂರೋ ಹೊಲಿಗೆ, ಅದರಾಚೆ ಒಂದಂಗುಲಕ್ಕೂ ಹೆಚ್ಚು ಬಟ್ಟೆ ಇರುತ್ತದೆ. ನಿನ್ನ ಅಳತೆ ತೆಗೆದ ದಿನವೇ, ಈ ಮೈ ಮುಂದೆ ಬದಲಾಗುತ್ತದೆ ಎಂದು ಟೈಲರಿಗೆ ಗೊತ್ತಿತ್ತು. ಅದಕ್ಕೇ ಕೇಳದೆಯೇ ಒಳಗೆ ಬಟ್ಟೆ ಬಿಟ್ಟಿದ್ದಾರೆ. ಒಂದು ಹೊಲಿಗೆ ಬಿಚ್ಚಲು ಅವರಿಗೆ ಕಾಲು ಗಂಟೆ ಸಾಕು. ನಾಳೆಯೇ ತಿಂಡಿ ತಿಂದು, ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಹೋಗಿ ಬಾ. ದೀಪಾವಳಿ ಹತ್ತಿರ ಬಂದ ಮೇಲೆ ಟೈಲರುಗಳು ಕೈಗೆ ಸಿಗುವುದಿಲ್ಲ.

ನಿನ್ನ
ಅಕ್ಕ