ಮೊಮ್ಮಗನ ಹೆಸರಿನ ಕಾರು

ಜರ್ಮನಿಯ ಮ್ಯೂನಿಕ್ ನಗರದಿಂದ ಈಶಾನ್ಯಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ, ಇಸಾರ್ ನದಿಯ ದಡದಲ್ಲಿ ಡಿಂಗೊಲ್ಫಿಂಗ್ ಎಂಬ ಊರಿದೆ. ಮಗಳ ಮನೆಗೆಂದು ಮ್ಯೂನಿಕ್‌ಗೆ ಹೋಗಿದ್ದಾಗ ರೈಲು ಹತ್ತಿ ಅಲ್ಲಿಗೂ ಹೋಗಿ ಬಂದೆ. ಊರಿನ ಸುತ್ತ ಹೊಲಗಳು. ಇಲ್ಲಿನ ಕಾರಿನ ಕಥೆ ಶುರುವಾಗುವುದೂ ಹೊಲದಿಂದಲೇ.

ಗ್ಲಾಸ್ ಎಂಬ ಮನೆತನದವರು ಇಲ್ಲಿ ಬೀಜ ಬಿತ್ತುವ ಯಂತ್ರ ತಯಾರಿಸುತ್ತಿದ್ದರು. ನಮ್ಮ ಕೂರಿಗೆಯ ಕೆಲಸವನ್ನೇ ಮಾಡುವ ಯಂತ್ರ ಅದು. ಎರಡನೇ ಮಹಾಯುದ್ಧದ ನಂತರ ಜನರಿಗೆ ಅಗ್ಗದ ವಾಹನ ಬೇಕಾಗಿತ್ತು. ಯಜಮಾನ ಹಾನ್ಸ್ ಗ್ಲಾಸ್ 1951ರಲ್ಲಿ ಸ್ಕೂಟರ್ ತಯಾರಿಸಿದರು. ಮೊಮ್ಮಗನನ್ನು ಮನೆಯಲ್ಲಿ ಮುದ್ದಿನಿಂದ ‘ಗೊಗ್ಗಿ’ ಎನ್ನುತ್ತಿದ್ದರಂತೆ. ಸ್ಕೂಟರಿಗೆ ‘ಗೊಗ್ಗೊ’ ಎಂದೇ ಹೆಸರಿಟ್ಟರು. ಮಕ್ಕಳೇ, ನಮ್ಮ ಗೊಗ್ಗಯ್ಯ ಹೆದರಿಸುವವನು. ಅವರ ಗೊಗ್ಗೊ ಕೂರಿಸಿಕೊಂಡು ಹೋಗುವವನು!

ಸ್ಕೂಟರಿನಲ್ಲಿ ಹೋದರೆ ಮಳೆಗೆ ನೆನೆಯಬೇಕು. ತಲೆಯ ಮೇಲೊಂದು ಸೂರು ಬೇಕೆಂದು ಜನ ಬಯಸಿದಾಗ, 1955ರಲ್ಲಿ ‘ಗೊಗ್ಗೊಮೊಬಿಲ್’ ಕಾರು ಬಂತು. ಉದ್ದ ಮೂರು ಮೀಟರಿಗೂ ಕಡಿಮೆ. ಹಿಂಬದಿಯಲ್ಲಿ 250 ಸಿ.ಸಿ.ಗೂ ತುಸು ಚಿಕ್ಕ ಎಂಜಿನ್. ನಮ್ಮ ಬುಲೆಟ್ ಬೈಕಿನ 350 ಸಿ.ಸಿ. ಎಂಜಿನ್ ಅದಕ್ಕಿಂತ ದೊಡ್ಡದು! ಆದರೂ ಅಪ್ಪ, ಅಮ್ಮ, ಎರಡು ಮಕ್ಕಳು ಕೂರಬಹುದಿತ್ತು. 250 ಸಿ.ಸಿ.ವರೆಗಿನ ವಾಹನಕ್ಕೆ ಹಿರಿಯರ ಬಳಿಯಿದ್ದ ಹಳೆಯ ಲೈಸೆನ್ಸೇ ಸಾಕಾಗಿತ್ತು. ಹೊಸ ಪರೀಕ್ಷೆಯ ಗೊಡವೆಯಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಗೊಗ್ಗೊಗಳು ಮಾರಾಟವಾದವು.

ಆಮೇಲೆ ಗ್ಲಾಸ್ ಕಂಪನಿ ದೊಡ್ಡ ಕಾರುಗಳಿಗೂ ಕೈ ಹಾಕಿತು. ಎಂಜಿನ್ನಿನೊಳಗೆ ಕಬ್ಬಿಣದ ಚೈನಿನ ಬದಲು ಹಲ್ಲಿರುವ ರಬ್ಬರ್ ಬೆಲ್ಟನ್ನು ಮಾರಾಟದ ಕಾರಿನಲ್ಲಿ ಮೊದಲು ತಂದವರು ಇವರೇ. ಮುಂದೆ ಎಷ್ಟೋ ಕಂಪನಿಗಳು ಅದನ್ನು ಅನುಸರಿಸಿದವು. ಆದರೆ ಹೊಸ ಹೊಸ ಮಾದರಿ ಎಂದರೆ ಹೊಸ ಹೊಸ ಖರ್ಚು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ಕೂದಲು ನರೆಸಿಕೊಂಡ ನನಗೆ ಈ ಲೆಕ್ಕ ಬೇಗ ಅರ್ಥವಾಯಿತು. ಪುಟ್ಟ ಕಾರು ತಂದ ಹಣ ದೊಡ್ಡ ಕಾರುಗಳ ಹೊಟ್ಟೆ ತುಂಬಿಸಲಿಲ್ಲ. 1966ರಲ್ಲಿ ಬಿ.ಎಂ.ಡಬ್ಲ್ಯು. ಕಂಪನಿ ಗ್ಲಾಸ್ ಅನ್ನು ಕೊಂಡುಕೊಂಡಿತು.

ಯಜಮಾನಿಕೆ ಕೈತಪ್ಪಿದರೂ ಗೊಗ್ಗೊ ಕೂಡಲೇ ನಿಲ್ಲಲಿಲ್ಲ. 1969ರವರೆಗೂ ತಯಾರಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಹಾನ್ಸ್ ಗ್ಲಾಸ್ ತೀರಿಕೊಂಡರು.

ಕಂಪನಿ ಮುಳುಗಿದರೆ ಅದನ್ನೇ ನಂಬಿದ ಊರೂ ಮುಳುಗುವುದುಂಟು. ಡಿಂಗೊಲ್ಫಿಂಗ್‌ನಲ್ಲಿ ಹಾಗಾಗಲಿಲ್ಲ. ಕಾರು ಕಟ್ಟಲು ಬಲ್ಲ ಕೆಲಸಗಾರರು ಅಲ್ಲಿ ಆಗಲೇ ಇದ್ದರು. ಅವರನ್ನು ನೆಚ್ಚಿ ಬಿ.ಎಂ.ಡಬ್ಲ್ಯು. ಅಲ್ಲೇ ಹೊಸ ಕಾರ್ಖಾನೆ ಕಟ್ಟಿ, 1973ರಿಂದ ಕಾರು ತಯಾರಿಸತೊಡಗಿತು. ಇಂದು ಯುರೋಪಿನಲ್ಲಿ ಆ ಕಂಪನಿಯ ಅತಿ ದೊಡ್ಡ ಕಾರ್ಖಾನೆ ಇರುವುದು, ಒಂದು ಕಾಲಕ್ಕೆ ಕೂರಿಗೆ ಮಾಡುತ್ತಿದ್ದ ಈ ಪುಟ್ಟ ಊರಿನಲ್ಲಿ.