ಮುಕ್ಕಾಲ ಮಗ್ಗಿ

"ಏಳೂಮುಕ್ಕಾಲು ಮಣ ಶೇಂಗಾ. ಮಣಕ್ಕ ಹದಿಮೂರೂವರಿ ರೂಪಾಯಿ. ಎಷ್ಟಾತು?"

ನಾನು ಪಾಟಿ ಹುಡುಕುವಷ್ಟರಲ್ಲಿ ನಮ್ಮಜ್ಜ ಮುತ್ಯಾನ ದನಿ ಏರುತ್ತಿತ್ತು. "ಪಾಟಿ ಯಾಕ ಬೇಕು ತಮ್ಮಾ? ಬಾಯಿಲೇ ಹೇಳು."

ಶಹಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ದೀಪ ಹಚ್ಚುವ ಹೊತ್ತಿಗೆ ದಿನವೂ ಇದೇ ನಡೆಯುತ್ತಿತ್ತು. ನನಗೆ ಉತ್ತರ ಬಾರದಿದ್ದಾಗ ಮುತ್ಯಾ ಬೈಯುತ್ತಿರಲಿಲ್ಲ, ದಾರಿ ತೋರಿಸುತ್ತಿದ್ದ. ಏಳೂಮುಕ್ಕಾಲನ್ನು ಮೊದಲು ಎಂಟು ಮಾಡಿಕೋ. ಎಂಟು ಮಣಕ್ಕೆ ನೂರಾ ಎಂಟು ರೂಪಾಯಿ. ಹೆಚ್ಚಿಗೆ ಹಿಡಿದದ್ದು ಕಾಲು ಮಣ, ಅದರ ಬೆಲೆ ಮೂರು ರೂಪಾಯಿ ಆರಾಣೆ. ಅದನ್ನು ಕಳೆ. ನೂರಾ ನಾಲ್ಕು ರೂಪಾಯಿ ಹತ್ತಾಣೆ. ಮುಗೀತು. ಅಷ್ಟು ಹೊತ್ತಿಗೆ ಅವನ ಎಲೆಗೆ ಸುಣ್ಣ ಹಚ್ಚುವುದೂ ಮುಗಿದಿರುತ್ತಿತ್ತು.

ಆ ಕಾಲಕ್ಕೆ ಮಣ, ಸೇರು, ಆಣೆ ಯಾವುವೂ ಸರಕಾರಿ ಲೆಕ್ಕದಲ್ಲಿ ಉಳಿದಿರಲಿಲ್ಲ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಿತ್ತು. ಮರುವರ್ಷದಿಂದ ಕಿಲೋ, ಕ್ವಿಂಟಲ್ಲು ಒಂದೊಂದೇ ಸಂತೆಗೆ ಇಳಿದಿದ್ದವು. ಆದರೆ ಯಾದಗಿರಿಯ ಅಡತ ಅಂಗಡಿಯಲ್ಲಿ ಮುನೀಮನಾಗಿ ಆಯುಷ್ಯ ಕಳೆದವನ ತಲೆಯೊಳಗೆ ಹಳೆಯ ತಕ್ಕಡಿ ಇನ್ನೂ ತೂಗುತ್ತಲೇ ಇತ್ತು. ಅವನ ಮಾತಿನಲ್ಲಿ ಒಂದು ಸೂತ್ರ ಬಹಳ ಸಲ ಬರುತ್ತಿತ್ತು: ಮಣಕ್ಕೆ ಎಷ್ಟು ರೂಪಾಯಿಯೋ ಎರಡೂವರಿ ಸೇರಿಗೆ ಅಷ್ಟೇ ಆಣೆ. ಮಣಕ್ಕೆ ನಲವತ್ತು ಸೇರು, ರೂಪಾಯಿಗೆ ಹದಿನಾರಾಣೆ. ನಲವತ್ತನ್ನು ಹದಿನಾರರಿಂದ ಭಾಗಿಸಿದರೆ ಎರಡೂವರಿ. ಇದು ನನಗೆ ಅರ್ಥವಾದದ್ದು ಕಾಲೇಜಿಗೆ ಹೋದ ಮೇಲೆ. ಎಕರೆಗೂ ನಲವತ್ತು ಗುಂಟೆ ಇರುವುದರಿಂದ ಅದೇ ಸೂತ್ರ ಹೊಲದ ಬೆಲೆಗೂ ಹೊಂದುತ್ತಿತ್ತು. ಶಾಲೆಗೆ ಹೋಗದ ರೈತರೂ ಇದನ್ನು ಬಲ್ಲವರಾಗಿದ್ದರು.

ನಮ್ಮ ಸೀಮೆಯವರಿಗೆ ಇನ್ನೊಂದು ಲೆಕ್ಕವೂ ಬರಬೇಕಿತ್ತು. ನಿಜಾಮರ ರಾಜ್ಯದಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ ರೂಪಾಯಿ. ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಮಾಲು ಕಳಿಸಿದರೆ ಬರುತ್ತಿದ್ದುದು ಬ್ರಿಟಿಷರ ರೂಪಾಯಿ, ಅದಕ್ಕೆ ನಮ್ಮಲ್ಲಿ ಕಲ್ದಾರ ಅಂತ ಹೆಸರು. 'ಕಲ್' ಅಂದರೆ ಯಂತ್ರ. ಯಂತ್ರದಲ್ಲಿ ಅಚ್ಚಾದ ನಾಣ್ಯ ಎಂದರ್ಥ. ಏಳು ಹಾಲಿಗೆ ಆರು ಕಲ್ದಾರ. ನೂರು ಕಲ್ದಾರ ಬಂದರೆ ಖಾತೆಯಲ್ಲಿ ಬರೆಯಬೇಕಾದದ್ದು ನೂರಾ ಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ ಹಾಲಿ. ಹಾಲಿಯನ್ನು ಕಲ್ದಾರಕ್ಕೆ ತಿರುಗಿಸುವಾಗ ಏಳರಿಂದ ಭಾಗಿಸುವುದು ಎಂಥ ತ್ರಾಸಿನ ಕೆಲಸ ಎಂಬುದು ಮಾಡಿದವರಿಗೇ ಗೊತ್ತು. ಮುತ್ಯಾನಿಗೆ ಅದು ಉಸಿರಾಟದಷ್ಟು ಸಲೀಸು. 1948ರಲ್ಲಿ ನಿಜಾಮರ ಆಡಳಿತ ಮುಗಿದರೂ ಹಾಲಿ ರೂಪಾಯಿ 1959ರವರೆಗೆ ಚಲಾವಣೆಯಲ್ಲಿತ್ತು. ಆಣೆ, ಪೈಸೆ, ಹಾಲಿ, ಕಲ್ದಾರ ಎಲ್ಲವೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಕೂಡಿದ್ದ ನಯಾಪೈಸೆ ಬಂದ ಮೇಲಿನ ಆ ಎರಡು ವರ್ಷ ಮುನೀಮರು ಹೇಗೆ ಖಾತೆ ಸರಿದೂಗಿಸಿದರೋ, ನೆನೆದರೆ ಈಗಲೂ ಬೆರಗಾಗುತ್ತದೆ.

ಸುರಪುರದಲ್ಲಿ ನಮ್ಮ ಸಂಬಂಧಿಕರ ಮನೆಯೊಂದಿತ್ತು. ಊರ ಲೆಕ್ಕ ಬರೆಯುವ ಕುಲಕರ್ಣಿಕೆಯ ಮನೆತನ. ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಕಡತಗಳಿದ್ದವು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಚಿದ ಕರಿ ಪುಸ್ತಕಗಳು ಅವು. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ರೂಪಾಯಿಯ ಕಾಲು ಭಾಗಕ್ಕೆ ಒಂದು ಗೀಟು, ಅರ್ಧಕ್ಕೆ ಎರಡು, ಮುಕ್ಕಾಲಿಗೆ ಮೂರು. ಆ ಗೀಟುಗಳ ಮೇಲೆ ಬೆರಳಾಡಿಸುತ್ತ ಮನೆಯ ಹಿರಿಯರು ಓದಿ ಹೇಳಿದ್ದು ನೆನಪಿದೆ. 1963ರಲ್ಲಿ ಕುಲಕರ್ಣಿಕೆ ರದ್ದಾದ ಮೇಲೆ ಕಡತಗಳನ್ನು ಇಳಿಸುವವರೇ ಇಲ್ಲವಾದರು. ಒಂದು ಮಳೆಗಾಲ ಮಾಳಿಗೆ ಸೋರಿ ಎಲ್ಲವೂ ಒಂದೇ ಮುದ್ದೆಯಾಯಿತು. ಸುರಪುರಕ್ಕೆ ಬಂದವರು ಇಂದಿಗೂ ಗುಡ್ಡದ ಮೇಲಿನ ಬ್ರಿಟಿಷ್ ಅಧಿಕಾರಿ ಟೇಲರನ ಬಂಗಲೆ ಟೇಲರ್ ಮಂಜಿಲ್ ನೋಡಿ ಹೋಗುತ್ತಾರೆ. ನೋಡಲಿ, ನೋಡುವಂಥದ್ದೇ. ಆದರೆ ಆ ಬಂಗಲೆಯಿಂದ ಕೂಗಳತೆಯಲ್ಲಿ ಒಂದು ಊರಿನ ಲೆಕ್ಕವೆಲ್ಲ ನೆನೆದು ಹೋಯಿತಲ್ಲ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ನಮ್ಮ ಈ ಸೀಮೆ ಲೆಕ್ಕಕ್ಕೆ ಹೊಸ ನೆಲವಲ್ಲ. ಕಾಗಿಣಾ ದಂಡೆಯ ಮಳಖೇಡ ನಮಗೆ ದೂರವೇನಲ್ಲ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲೇ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದದ್ದು. ಭಿನ್ನರಾಶಿಗಳನ್ನು ಅವನಷ್ಟು ಪ್ರೀತಿಯಿಂದ ಬಿಡಿಸಿಟ್ಟವರು ಕಡಿಮೆ. ನಮ್ಮ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು ಆ ಮನೆತನದವೇ ಎಂದು ನಾನು ನಂಬಿಕೊಂಡಿದ್ದೇನೆ.

ಯಂತ್ರವನ್ನು ನಾನು ಮೊದಲು ಕಂಡದ್ದು ಯಾದಗಿರಿಯ ಬ್ಯಾಂಕೊಂದರಲ್ಲಿ. ಸ್ವೀಡನ್ನಿನ ಫ್ಯಾಸಿಟ್ ಕಂಪನಿಯದು, ಕೈಯಿಂದ ತಿರುಗಿಸುವಂಥದ್ದು. 245ನ್ನು 13ರಿಂದ ಗುಣಿಸಬೇಕೆಂದರೆ 245 ಒತ್ತಿ, ಹಿಡಿಯನ್ನು ಮೂರು ಸುತ್ತು ತಿರುಗಿಸಿ, ಒಂದು ಸ್ಥಾನ ಸರಿಸಿ, ಇನ್ನೊಂದು ಸುತ್ತು. ಭಾಗಾಕಾರಕ್ಕೆ ಹಿಂದಕ್ಕೆ ತಿರುಗಿಸುತ್ತ ಹೋದರೆ, ಮಿತಿ ಮೀರಿದ ಕೂಡಲೇ ಟಿಣ್ ಅಂತ ಗಂಟೆ. ಮುತ್ಯಾನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಬಹಳ ಹೊತ್ತು ನೋಡಿ, "ಇದಕ್ಕೂ ಮಗ್ಗಿ ಬರಂಗಿಲ್ಲ, ಕೂಡಿಸ್ಕೋತ ಹೋಗ್ತದ" ಅಂದ. ಅವನು ಹೇಳಿದ್ದು ಸರಿಯಾಗಿತ್ತು. ಆ ಯಂತ್ರ ಗುಣಿಸುತ್ತಿದ್ದುದು ಕೂಡಿಸಿ ಕೂಡಿಸಿಯೇ. ಒಳಗೆ ಏನು ನಡೆಯುತ್ತಿದೆಯೆಂದು ಹೊರಗೆ ನಿಂತವನಿಗೆ ತಿಳಿಯುತ್ತಿದ್ದ ಕೊನೆಯ ಯಂತ್ರ ಅದು. ಎಪ್ಪತ್ತರ ದಶಕದ ಆರಂಭದಲ್ಲಿ ಜಪಾನಿನ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರುಗಳ ಮುಂದೆ ಆ ಕಂಪನಿಯೇ ನಿಲ್ಲಲಿಲ್ಲ. ನಮ್ಮ ಅಂಗಡಿಗಳಿಗೂ ಸಣ್ಣ ಕ್ಯಾಲ್ಕುಲೇಟರು ಬಂದವು, ಅವುಗಳ ಹಿಂದೆ ಮೊಬೈಲು.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ಪಹಣಿಯೆಲ್ಲ ಕಂಪ್ಯೂಟರಿಗೆ ಹೋಯಿತು. ತಹಶೀಲ್ದಾರ ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅಚ್ಚಾದ ಉತಾರ ಪಡೆದ ರೈತರ ಸಮಾಧಾನ ನಾನು ಕಣ್ಣಾರೆ ಕಂಡದ್ದು, ಅದನ್ನು ಹಳಿಯಲಾರೆ. ಆ ಹಾಳೆಯಲ್ಲೇ ಒಂದು ಹಳೆಯ ಗುರುತೂ ಉಳಿದುಕೊಂಡಿದೆ: ಎಕರೆ, ಗುಂಟೆ, ಅದರ ಮುಂದೆ ಆಣೆ. ಸಂತೆಯಿಂದ ಹೊರಬಿದ್ದ ಆಣೆ ಹೊಲದಲ್ಲಿ ತಲೆಮರೆಸಿಕೊಂಡಿದೆ. ನಾಲ್ಕಾಣೆಯ ನಾಣ್ಯವಂತೂ 2011ರ ಜೂನ್ 30ಕ್ಕೆ ಕಾಯಂ ಹೋಯಿತು.

ದನದ ಸಂತೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವ ದಲ್ಲಾಳಿಗಳು ಈಗಲೂ ಅಲ್ಲಲ್ಲಿ ಸಿಗುತ್ತಾರೆ. ಎಲ್ಲರೂ ನೆರೆತ ತಲೆಯವರು. ಹುಡುಗರಿಗೆ ಆ ಬೆರಳಿನ ಭಾಷೆ ಬರುವುದಿಲ್ಲ.

ಕಲಬುರಗಿಯ ಮ್ಯೂಸಿಯಮ್ಮಿಗೆ ಹೋದಾಗಲೆಲ್ಲ ನನಗೆ ಇದೇ ಯೋಚನೆ. ನಾಣ್ಯವನ್ನು ಗಾಜಿನೊಳಗೆ ಇಡಬಹುದು. ಮುತ್ಯಾನ ಕಬ್ಬಿಣದ ಸೇರು ನನ್ನ ಮನೆಯಲ್ಲೇ ಇದೆ, ಬೇಕಾದರೆ ಅದನ್ನೂ ಇಡಬಹುದು. ಆ ಸೇರು ಹಿಡಿದವನ ಬಾಯಲ್ಲಿದ್ದದ್ದನ್ನು ಎಲ್ಲಿ ಇಡುವುದು? ಸಂಜೆ ಶಾಲೆ ಬಿಡುವ ಮುಂಚೆ ಮಕ್ಕಳೆಲ್ಲ ನಿಂತು ರಾಗವಾಗಿ ಕೂಗುತ್ತಿದ್ದ ಆ ಮಗ್ಗಿಯ ಸದ್ದು ಬೀದಿಯ ಕೊನೆಯ ಮನೆಗೂ ಕೇಳುತ್ತಿತ್ತು.

ಮೊನ್ನೆ ರಾತ್ರಿ ನಿದ್ದೆ ಬಾರದೆ ಸುಮ್ಮನೆ ಶುರು ಮಾಡಿದೆ. ಮುಕ್ಕಾಲೊಂದ್ಲೆ ಮುಕ್ಕಾಲು. ಮುಕ್ಕಾಲೆರಡ್ಲೆ ಒಂದೂವರಿ. ಮುಕ್ಕಾಲ್ ಮೂರ್ಲೆ ಎರಡೂಕಾಲು. ಮುಕ್ಕಾಲ್ ನಾಕ್ಲೆ ಮೂರು. ರಾಗ ತಾನಾಗಿಯೇ ಕೈಹಿಡಿದು ನಡೆಸಿತು. ಹನ್ನೆರಡ್ಲೆ ಒಂಬತ್ತು, ಹದಿಮೂರ್ಲೆ ಒಂಬತ್ತೂಮುಕ್ಕಾಲು. ಹದಿನೇಳಕ್ಕೆ ಬಂದಾಗ ನಾಲಗೆ ನಿಂತಿತು. ಲೆಕ್ಕ ಮಾಡಿದ್ದರೆ ಉತ್ತರ ಬರುತ್ತಿತ್ತು. ಮಾಡಲಿಲ್ಲ. ಒಂದ್ಲೆಯಿಂದ ಮತ್ತೆ ಶುರು ಮಾಡಿ, ಮತ್ತೆ ಹದಿನೇಳರ ಹತ್ತಿರ ಬಂದು, ಕಟ್ಟೆಯ ಕಡೆಯಿಂದ ಯಾರಾದರೂ ಹೇಳಿಕೊಟ್ಟಾರೇನೋ ಎಂದು ಕತ್ತಲಲ್ಲಿ ಕಾದೆ.