ಗಾಡಿ ನಿಂತು ಹೋಗುತ್ತಿದ್ದ ಊರು

1956ರ ನವೆಂಬರ್ 1ರಿಂದ 1961ರ ಡಿಸೆಂಬರ್ 19ರವರೆಗೆ ಕನ್ನಡಿಗರ ರಾಜ್ಯದ ಪಡುವಣ ಗಡಿಯ ಆಚೆಗೆ ಪೋರ್ಚುಗಲ್ ಇತ್ತು. ಈ ಮಾತು ಹೇಳಿದರೆ ಈಗಿನ ಹುಡುಗರು ನಂಬುವುದಿಲ್ಲ. ಏಕೀಕರಣವಾಗಿ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ಅದರ ಬೆನ್ನಿಗೇ ಒಂದು ಪರದೇಶದ ಗಡಿಯೂ ಬಂತು. ಕಡಲ ಬದಿಗೆ, ಕಾರವಾರದ ಮಾಜಾಳಿಯಲ್ಲಿ, ರಸ್ತೆಯ ಬಾಗಿಲು. ಘಟ್ಟದ ನೆತ್ತಿಯಲ್ಲಿ, ಸೂಪಾ ತಾಲ್ಲೂಕಿನ ದಟ್ಟ ಕಾಡಿನ ನಡುವೆ, ರೈಲಿನ ಬಾಗಿಲು. ಏಕೀಕರಣದ ಹೊತ್ತಿಗೆ ಅದು ಮುಚ್ಚಿದ ಬಾಗಿಲು. ಆ ಬಾಗಿಲ ಊರೇ ಕ್ಯಾಸಲ್‌ರಾಕ್.

ಲೋಂಡಾ ದಾಟಿ, ತಿನೈಘಾಟ ದಾಟಿ ಗಾಡಿ ಅಲ್ಲಿಗೆ ಬಂದು ನಿಲ್ಲುತ್ತದೆ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಅಲ್ಲಿಂದ ಮುಂದೆ ನೆಲವೇ ಕುಸಿದಂತೆ ಘಟ್ಟ ಇಳಿಯುತ್ತದೆ. ಕಾರಂಜೋಲ, ದೂಧಸಾಗರ, ಸೋನಾಲಿಂ ದಾಟಿ ಗೋವೆಯ ಕುಳೆಂ ಮುಟ್ಟುವಷ್ಟರಲ್ಲಿ, ಸುಮಾರು 26 ಕಿಲೋಮೀಟರಿನೊಳಗೆ, ಗಾಡಿ 500 ಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. 37 ಅಡಿ ಹೋದರೆ 1 ಅಡಿ ಇಳಿಜಾರು. ಕಾಗದದ ಮೇಲೆ ಇದು ಸಣ್ಣ ಲೆಕ್ಕ. ಆದರೆ ರೈಲಿನವರಿಗೆ ಇದು ದೇಶದ ಅತಿ ಕಡಿದಾದ ದಾರಿಗಳಲ್ಲೊಂದು. ಪೋರ್ಚುಗೀಸ್ ರಾಜಮನೆತನದ ಹೆಸರಿನಲ್ಲಿ ಇದನ್ನು ಬ್ರಗಾಂಜಾ ಘಾಟ ಎಂದು ಕರೆದರು. ನಮ್ಮವರಿಗೆ ಇದು ಬರೀ ‘ಘಾಟ’. ಡ್ಯೂಟಿ ಎಲ್ಲಿ ಅಂದರೆ, ‘ಘಾಟಿನ್ಯಾಗ’.

ಈ ಊರನ್ನು ಹುಟ್ಟಿಸಿದ್ದು ಒಂದು ಒಪ್ಪಂದ. 1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಸಹಿ ಹಾಕಿದ ಆ ಒಪ್ಪಂದದ ಪ್ರಕಾರ ಗೋವೆಯ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷರಿಗೆ ಹೋಯಿತು. ಅದಕ್ಕೆ ಬದಲಾಗಿ ಅವರು ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡಬೇಕಿತ್ತು. ಒಪ್ಪಂದ ಜಾರಿಗೆ ಬಂದ ಮೇಲೆ ಗಡಿಯ ಸುಂಕ 12 ವರ್ಷ ರದ್ದಾಯಿತು. ಮಾರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬರುವ ಒಂದು ರೈಲು ದಾರಿಯ ಮಾತೂ ಅದರಲ್ಲೇ ಇತ್ತು. ಕೆಳಗಿನಿಂದ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಬಂತು, ಮೇಲಿನಿಂದ ಸದರ್ನ್ ಮರಾಠಾ ರೈಲ್ವೆ ಬಂತು. 1876–78ರ ಭೀಕರ ಬರದಲ್ಲಿ ಧಾರವಾಡ, ಗದಗ, ಬಳ್ಳಾರಿ ಸೀಮೆಯಲ್ಲಿ ಜನ ಹುಳುಗಳಂತೆ ಸತ್ತ ಮೇಲೆ, ಕಾಳು ಸಾಗಿಸಲಿಕ್ಕೆ ಹಳಿ ಬೇಕು ಎಂಬ ಬುದ್ಧಿ ಸರಕಾರಕ್ಕೆ ಬಂದಿತ್ತು. ಕಂಪನಿಗಳಿಗೆ ಬೇಕಾಗಿದ್ದು ಬಯಲುಸೀಮೆಯ ಹತ್ತಿ. 1888ರಲ್ಲಿ ಎರಡೂ ಹಳಿಗಳು ಕಾಡಿನಲ್ಲಿ ಒಂದಕ್ಕೊಂದು ಕೂಡಿದವು. ಕೂಡಿದ ಜಾಗದಲ್ಲಿ ಒಂದು ಊರು ಎದ್ದಿತು.

ಇಲ್ಲಿ ಒಂದು ಸಂಗತಿ ನನ್ನನ್ನು ಯಾವತ್ತೂ ಕಾಡುತ್ತದೆ. ಮೊದಲ ಗಾಡಿ ಓಡಿದಾಗ ಕ್ಯಾಸಲ್‌ರಾಕ್‌ನಲ್ಲಿ ಸುಂಕದ ತಪಾಸಣೆಯ ಕಾಟವಿರಲಿಲ್ಲ, ಒಪ್ಪಂದ ಜಾರಿಯಲ್ಲಿತ್ತು. 1892ರಲ್ಲಿ ಅದರ ಅವಧಿ ಮುಗಿಯಿತು, ಮುಂದುವರಿಯಲಿಲ್ಲ. ಹಳಿ ಹಾಗೆಯೇ ಉಳಿಯಿತು, ಅದರ ಮೇಲೆ ಸುಂಕದ ಗಡಿ ಮತ್ತೆ ಬಂದು ಕೂತಿತು. ಮೇಲೆ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷರ ಕಸ್ಟಮ್ಸ್, ಕೆಳಗೆ ಕುಳೆಂನಲ್ಲಿ ಪೋರ್ಚುಗೀಸರದು. ಮುಂಬಯಿಗೆ ಹೊಟ್ಟೆಪಾಡಿಗೆ ಹೊರಟ ಗೋವೆಯವರು ಬಹುಪಾಲು ಹಡಗು ಹತ್ತುತ್ತಿದ್ದರು, ಇಲ್ಲವೇ ಈ ಘಟ್ಟ ಹತ್ತುತ್ತಿದ್ದರು. ಅಡುಗೆಯವರು, ಬ್ಯಾಂಡು ಬಾರಿಸುವವರು, ಹಡಗಿನ ಕೆಲಸದವರು, ಆಯಾಗಳು. ಧೋಬಿ ತಲಾವಿನ ಕೂಡುಗಳಲ್ಲಿ, ಅಂದರೆ ಒಂದೊಂದು ಹಳ್ಳಿಯವರು ಸೇರಿ ನಡೆಸುತ್ತಿದ್ದ ವಸತಿಗಳಲ್ಲಿ, ಟ್ರಂಕು ಇಡುವ ಮುನ್ನ ಆ ಟ್ರಂಕನ್ನು ಅವರು ಕ್ಯಾಸಲ್‌ರಾಕ್‌ನ ಫಲಾಟದ (ಪ್ಲಾಟ್‌ಫಾರ್ಮಿನ) ಮೇಲೆ ತೆರೆದು ತೋರಿಸಿರಬೇಕು.

ನನ್ನ ಸೋದರಮಾವ ಗಾರ್ಡ್ ಆಗಿ ಆ ಊರಲ್ಲಿ ಇದ್ದುದರಿಂದ ಬಾಲ್ಯದ ರಜೆಗಳೆಲ್ಲ ನನಗೆ ಅಲ್ಲೇ ಕಳೆದವು. ಆಗ ಸುಂಕದ ಕಟ್ಟೆ ಎತ್ತಿ ವರ್ಷಗಳಾಗಿದ್ದವು. ಆದರೆ ಅದನ್ನು ಕಂಡವರು ಇದ್ದರು. ಸಂಜೆ ಮಾಮಾನ ಕ್ವಾರ್ಟರ್ಸಿನ ಜಗಲಿಗೆ ಒಬ್ಬ ಮುದುಕ ಬಂದು ಕೂಡುತ್ತಿದ್ದ, ಹಿಂದೆ ಸ್ಟೇಷನ್ನಿನಲ್ಲಿ ಹಮಾಲಿ ಮಾಡಿದವನು.

“ಅಜ್ಜಾ, ಗಾಡಿ ಎಷ್ಟೊತ್ತು ನಿಲ್ತಿತ್ತು?” ಎಂದು ಕೇಳಿದರೆ ಸಾಕಿತ್ತು.

“ಎಷ್ಟೊತ್ತು ಅಂತ ಹೇಳಲಿ ತಮ್ಮಾ? ಸಾಹೇಬರ ಮನಸ್ಸು ಬಂದಷ್ಟ ಹೊತ್ತು. ಹಾಸಗಿ ಸುರುಳಿ ಬಿಚ್ಚಸಾವ್ರು, ಅಕ್ಕಿ ಡಬ್ಬಿ ಒಳಗ ಕೈ ಹಾಕಾವ್ರು. ಬಾಳಂತಿ ಕೂಸಿನ ತೊಟ್ಟಿಲಾನೂ ಬಿಡತಿದ್ದಿಲ್ಲ. ಬಿಚ್ಚಿದ್ದನ್ನ ಮತ್ತ ಕಟ್ಟಾಂವ ಯಾರು? ನಾನ.”

ಬಿಚ್ಚಿದ್ದನ್ನು ಮತ್ತೆ ಕಟ್ಟುವುದೇ ಆ ಊರಿನ ಕಸುಬು. ಗಾಡಿ ನಿಂತಷ್ಟು ಹೊತ್ತು ಚಹಾ, ಬಾಳೆಹಣ್ಣು, ಉಸುಳಿ ಮಾರುವವರಿಗೆ ಹೊಟ್ಟೆ ತುಂಬುತ್ತಿತ್ತು. ಹುಬ್ಬಳ್ಳಿ ಕಡೆಯ ಕನ್ನಡದವರು, ಗುಂತಕಲ್ಲಿನಿಂದ ಬಂದ ತೆಲುಗರು, ತಮಿಳರು, ಬೆಳಗಾವಿಯ ಮರಾಠಿಯವರು, ಘಟ್ಟದ ಕೆಳಗಿನ ಕೊಂಕಣಿಯವರು ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿರುತ್ತಿದ್ದರು. ಸುತ್ತಲ ಕಾಡಿನಿಂದ ಕುಣಬಿಯರು, ಹಾಲು–ತುಪ್ಪ ಹೊತ್ತ ಗೌಳಿಗರು ಬರುತ್ತಿದ್ದರು. ನಾವು ಹುಡುಗರು ಗೋಲಿ ಆಡುವಾಗ ಯಾವ ಭಾಷೆಯಲ್ಲಿ ಜಗಳ ಶುರುವಾಗಿ ಯಾವ ಭಾಷೆಯಲ್ಲಿ ಮುಗಿಯುತ್ತಿತ್ತೋ ಹೇಳಲಾಗದು.

ರಾಜಕೀಯವೂ ಇದೇ ಹಳಿಯ ಮೇಲೆ ನಡೆಯಿತು. 1946ರ ಜೂನ್ 18ರಂದು ಮಡಗಾಂವಿನಲ್ಲಿ ಪೋರ್ಚುಗೀಸರಿಗೆ ಸವಾಲು ಹಾಕಿದ ರಾಮಮನೋಹರ ಲೋಹಿಯಾ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ಗೋವೆಗೆ ರೈಲು ಹತ್ತಿದರು. ಅವರನ್ನು ಕುಳೆಂ ನಿಲ್ದಾಣದಲ್ಲಿಯೇ ಹಿಡಿದರು, ಆಗ್ವಾದ ಕೋಟೆಯಲ್ಲಿ ಸೆರೆಯಿಟ್ಟರು. ಕುಳೆಂಗೆ ಬರುವ ಗಾಡಿ ಕ್ಯಾಸಲ್‌ರಾಕ್‌ನಲ್ಲಿ ನಿಂತೇ ಇಳಿಯಬೇಕು. ಈ ಫಲಾಟ ಅವರನ್ನು ಕಂಡಿದೆ. 1955ರ ಆಗಸ್ಟ್ 15ರಂದು ಗೋವೆಯ ಬಿಡುಗಡೆಗಾಗಿ ಸತ್ಯಾಗ್ರಹಿಗಳು ಬಾಂದಾ ಕಡೆಯಿಂದ, ಮತ್ತೆ ಬೇರೆ ಬೇರೆ ಕಡೆಗಳಿಂದ ಗಡಿ ದಾಟಿದರು. ಕ್ಯಾಸಲ್‌ರಾಕ್‌ನಿಂದ ಒಂದು ತಂಡ ಹಳಿಗುಂಟ ನಡೆದುಕೊಂಡೇ ಹೋಯಿತು. ಕೈಯಲ್ಲಿ ಧ್ವಜ ಬಿಟ್ಟರೆ ಏನೂ ಇರದವರ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಆ ಒಂದು ದಿನ ಗಡಿಯುದ್ದಕ್ಕೂ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಅದಾದ ಮೇಲೆ ಭಾರತ ಗಡಿ ಮುಚ್ಚಿತು, ರೈಲು ನಿಂತಿತು. ಗೋವೆಯ ಪೋರ್ಚುಗೀಸರು ದಾಬೋಳಿಯಲ್ಲಿ ವಿಮಾನ ಇಳಿಸಿದರು, ಹಾಲೆಂಡಿನಿಂದ ಆಲೂಗಡ್ಡೆ ತರಿಸಿದರು. ಕ್ಯಾಸಲ್‌ರಾಕ್‌ಗೆ ಯಾರು ಏನು ತರಿಸಬೇಕು? ದಾಟಿ ಹೋಗುವವರಿಂದಲೇ ಬದುಕಿದ ಊರಿಗೆ ದಾಟುವವರೇ ಇಲ್ಲವಾದರು. ಆರು ವರ್ಷ ಹಾಗೆಯೇ ಕಳೆದವು. 1961ರ ಡಿಸೆಂಬರಿನಲ್ಲಿ ಭಾರತದ ಸೇನೆ ಹತ್ತಿರದ ಅನಮೋಡ ಘಾಟದಿಂದ ಇಳಿಯಿತು, 19ರಂದು ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾದ. 451 ವರ್ಷಗಳ ಪೋರ್ಚುಗೀಸ್ ಆಳ್ವಿಕೆ ಮುಗಿಯಿತು, ಹಳಿಗಳು ಮತ್ತೆ ತೆರೆದವು.

ಗಡಿ ಹೋದದ್ದಕ್ಕೆ ನಾನು ಅಳುತ್ತಿಲ್ಲ. ಇಬ್ಬರು ಪರದೇಶಿ ಯಜಮಾನರು ನಮ್ಮ ಕಾಡಿನಲ್ಲಿ ಗೆರೆ ಎಳೆದು ಬಡವರ ಹಾಸಿಗೆ ಬಿಚ್ಚಿಸಿದ್ದರಲ್ಲಿ ಹಂಬಲಿಸುವಂಥದ್ದು ಏನೂ ಇಲ್ಲ. ನನಗೆ ಸಂಕಟವಾಗುವುದು ಆ ಗೆರೆಯನ್ನು ದಿನಾ ದಾಟಿಸುತ್ತಿದ್ದವರ ನೆನಪೂ ಗೆರೆಯ ಜತೆಗೆ ಅಳಿಸಿಹೋಗುತ್ತಿರುವುದಕ್ಕೆ.

ಯಾಕೆಂದರೆ ಗಡಿ ಹೋದ ಮೇಲೂ ಘಾಟ ಇತ್ತು. ನಾನು ಕಂಡ ಕ್ಯಾಸಲ್‌ರಾಕ್ ಘಾಟದ ಊರು. ಇಳಿಯುವ ಗಾಡಿಯ ಬ್ರೇಕು ಇಲ್ಲಿ ಪರೀಕ್ಷೆಯಾಗಬೇಕು. ಮಾಮಾ ಕೈಯಲ್ಲಿ ಸುತ್ತಿಗೆ, ಟಾರ್ಚು ಹಿಡಿದವರ ಜತೆ ಗಾಡಿಯುದ್ದಕ್ಕೂ ನಡೆದು, ಒಂದೊಂದು ಗಾಲಿಯ ಬಳಿಯೂ ಬಗ್ಗಿ ನೋಡಿದ ಮೇಲೆಯೇ ಹಸಿರು ಬಾವುಟ. ಕೆಳಗೆ ಹಳಿಯ ಪಕ್ಕಕ್ಕೆ ಗುಡ್ಡಕ್ಕೆ ಏರಿ ನಿಂತ ಅಡ್ಡ ಹಳಿಗಳಿದ್ದವು. ಹಿಡಿತ ತಪ್ಪಿದ ಗಾಡಿಯನ್ನು ಅದಕ್ಕೆ ಹತ್ತಿಸಿದರೆ ಏರಿನಲ್ಲಿ ದಮ್ಮು ಕಟ್ಟಿ ತಾನೇ ನಿಲ್ಲುತ್ತದೆ. ಹತ್ತುವ ಗಾಡಿಗೆ ಹಿಂದಿನಿಂದ ತಳ್ಳಲಿಕ್ಕೆ ಬ್ಯಾಂಕರ್ ಇಂಜಿನ್ ಬೇಕು. ರಾತ್ರಿ ಹಾಸಿಗೆಯಲ್ಲಿ ಮಲಗಿ ಕೇಳಿದರೆ, ದೂರದ ಸುರಂಗದಿಂದ ಇಂಜಿನ್‌ಗಳ ಏದುಸಿರು ಒಮ್ಮೆ ಕೇಳಿ, ಒಮ್ಮೆ ಅಡಗಿ, ಮತ್ತೆ ಹತ್ತಿರದಲ್ಲಿ ಎದ್ದು ಬರುತ್ತಿತ್ತು. ಅತ್ತೆ ನಿದ್ದೆಗಣ್ಣಿನಲ್ಲೇ “ಮೇಲೆ ಬಂತು” ಎನ್ನುತ್ತಿದ್ದರು. ಮಾಮಾ ಅದೇ ಗಾಡಿಯಲ್ಲಿ ಇರುತ್ತಿದ್ದರು.

ಮಳೆಗಾಲ ಅಂದರೆ ಮತ್ತೊಂದೇ ಲೋಕ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಊರುಗಳಲ್ಲಿ ಇದೂ ಒಂದು. ಜೂನಿನಲ್ಲಿ ತೊಟ್ಟ ಬಟ್ಟೆ ಗಣೇಶ ಚೌತಿಯವರೆಗೆ ಪೂರ್ತಿ ಒಣಗುತ್ತಿರಲಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಸಮವಸ್ತ್ರ ಒಣಗಿಸಿದರೆ ಸ್ಕೂಲಿನಲ್ಲಿ ಎಲ್ಲ ಮಕ್ಕಳಿಂದಲೂ ಹೊಗೆಯ ವಾಸನೆ. ಅಂಥ ಮಳೆಯಲ್ಲಿ ಗ್ಯಾಂಗ್‌ಮನ್‌ಗಳು ಕಂಬಳಿ ಕೊಪ್ಪೆ ಹಾಕಿಕೊಂಡು, ಕಂದೀಲು ಹಿಡಿದು, ಬರುವ ಗಾಡಿಗೆ ಎಚ್ಚರಿಕೆ ಕೊಡಲು ಹಳಿಯ ಮೇಲಿಡುವ ಪಟಾಕಿಯನ್ನು ಜೋಪಾನವಾಗಿ ಕಟ್ಟಿಕೊಂಡು ರಾತ್ರಿಯೆಲ್ಲ ನಡೆಯುತ್ತಿದ್ದರು. ಎಲ್ಲಿ ಗುಡ್ಡ ಜರಿದಿದೆ, ಎಲ್ಲಿ ಮರ ಬಿದ್ದಿದೆ ಎಂದು ನೋಡಬೇಕು. ಬೆಳಿಗ್ಗೆ ಬಂದು ಕಾಲಿನ ಉಂಬಳ ಕಿತ್ತು ಸುಣ್ಣ ಹಚ್ಚಿಕೊಳ್ಳುವುದನ್ನು ನಾನು ನೋಡಿದ್ದೇನೆ. ಬೋಗಿಯ ಬಾಗಿಲಲ್ಲಿ ನಿಂತು ದೂಧಸಾಗರ ಜಲಪಾತಕ್ಕೆ ಕೈ ಬೀಸುವವರಿಗೆ ಇವರು ಕಂಡಿದ್ದು ಕಡಿಮೆ. ಈ ನಡೆದವರ ಕಾಲಿನ ಮೇಲೆ ಆ ಗಾಡಿಗಳೆಲ್ಲ ಓಡಿದವು ಎಂದು ನಾನು ನಂಬಿದ್ದೇನೆ.

1990ರ ದಶಕದಲ್ಲಿ ಮೀಟರ್‌ಗೇಜ್ ಕಿತ್ತು ಬ್ರಾಡ್‌ಗೇಜ್ ಹಾಕಿದರು. ಆ ಕೆಲಸ ಬೇಕಾಗಿತ್ತು, ಹುಬ್ಬಳ್ಳಿಯಿಂದ ಬಂದರಿಗೆ ಸರಕು ಸಲೀಸಾಗಿ ಹೋಗಬೇಕಿತ್ತು. 1998ರಲ್ಲಿ ಕೊಂಕಣ ರೈಲ್ವೆ ತೆರೆಯಿತು. ಗೋವೆಯವರಿಗೆ ಮುಂಬಯಿಗೆ ಹೋಗಲು ಘಟ್ಟ ಹತ್ತುವ ಅಗತ್ಯವೇ ತಪ್ಪಿತು. ನೂರು ವರ್ಷ ಈ ಊರಿನ ಮೇಲೆ ಹಾದುಹೋದ ಆ ವಲಸೆ ಕಡಲ ಪಕ್ಕಕ್ಕೆ ಹೊರಳಿತು. ಹಿಂದೆ ಸಂಡೂರಿನ ಮ್ಯಾಂಗನೀಸು, ಹೊಸಪೇಟೆ ಸೀಮೆಯ ಅದಿರು ಇಲ್ಲಿಂದ ಕೆಳಗೆ ಇಳಿಯುತ್ತಿತ್ತು. ಈಗ ಬಂದರಿಗೆ ಬಂದ ಕಲ್ಲಿದ್ದಲು ತೋರಣಗಲ್ಲಿನ ಕಡೆಗೆ ಮೇಲೆ ಏರುತ್ತದೆ. ಬ್ಯಾಂಕರ್ ಇಂಜಿನ್‌ಗಳು ಇಂದಿಗೂ ತಳ್ಳುತ್ತವೆ, ಬ್ರೇಕಿನ ಪರೀಕ್ಷೆ ಇಂದಿಗೂ ನಡೆಯುತ್ತದೆ. ಆದರೆ ಕೆಲಸ ಮಾಡುವವರು ಬಂದು ಹೋಗುತ್ತಾರೆ. ಮಕ್ಕಳ ಓದಿಗೆ ಎಂದು ಸಂಸಾರಗಳು ಹುಬ್ಬಳ್ಳಿ, ಬೆಳಗಾವಿ, ಮಡಗಾಂವಿನಲ್ಲಿ ಮನೆ ಮಾಡಿವೆ. ಮಾಮಾ ಇದ್ದ ಸಾಲಿನಲ್ಲಿ ಹಂಚು ಕುಸಿದ ಕ್ವಾರ್ಟರ್ಸಿನೊಳಗೆ ಆಳೆತ್ತರ ಗಿಡ ಬೆಳೆದಿದೆ.

ಮತ್ತೊಂದು ಜೋಡಿ ಹಳಿ ಹಾಕುವ ಯೋಜನೆ ಬಂದಾಗ ಊರು ಮತ್ತೆ ತುಂಬೀತು ಎಂದು ಕೆಲವರು ಆಸೆಪಟ್ಟರು. 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಕ್ಯಾಸಲ್‌ರಾಕ್–ಕುಳೆಂ ನಡುವಿನ ಜೋಡಿ ಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದು ಮಾಡಿತು. ನನಗೆ ಸಮಾಧಾನವೇ ಆಯಿತು. ಈ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಆ ಕಡೆ ಮೊಲೆಂ ಅಭಯಾರಣ್ಯ. ಆ ಕಾಡು ಒಮ್ಮೆ ಹೋದರೆ ಯಾವ ಬಜೆಟ್ಟೂ ಅದನ್ನು ಹಿಂದಕ್ಕೆ ತರಲಾರದು. ಇದೇ ತಾಲ್ಲೂಕಿನ ಸೂಪಾ ಊರು ಅಣೆಕಟ್ಟಿನ ನೀರಲ್ಲಿ ಮುಳುಗಿದ್ದನ್ನು, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಹೋದದ್ದನ್ನು ಕಂಡ ಜನ ನಾವು. ಕ್ಯಾಸಲ್‌ರಾಕ್ ಬದುಕಲು ಕಾಡು ಬೀಳಬೇಕಾಗಿಲ್ಲ.

ಬೇಕಾಗಿರುವುದು ಅದರ ಕಥೆಯನ್ನು ಯಾರಾದರೂ ಬರೆದಿಡುವುದು. ಇಂದು ಅಲ್ಲಿಗೆ ಬರುವ ಯುವಕರು ಕೇಳುವುದು ಒಂದೇ: ಜಲಪಾತಕ್ಕೆ ದಾರಿ ಯಾವುದು? ಅವರದು ತಪ್ಪಲ್ಲ. ಈ ಫಲಾಟ ಒಂದು ಕಾಲಕ್ಕೆ ಎರಡು ಸಾಮ್ರಾಜ್ಯಗಳ ನಡುವಿನ ಹೊಸ್ತಿಲಾಗಿತ್ತು, ಇಲ್ಲಿಂದ ಸತ್ಯಾಗ್ರಹಿಗಳು ಗುಂಡಿಗೆ ಎದೆಯೊಡ್ಡಲು ನಡೆದುಹೋದರು ಎಂದು ಅವರಿಗೆ ಹೇಳಿದವರಾದರೂ ಯಾರು? ಹಮಾಲ ಅಜ್ಜ ತೀರಿಕೊಂಡು ಬಹಳ ವರ್ಷವಾಯಿತು. ಮಾಮಾನೂ ಇಲ್ಲ. ಮೀಟರ್‌ಗೇಜಿನ ಘಾಟದಲ್ಲಿ ದುಡಿದವರಿಗೆ ಈಗ ವಯಸ್ಸಾಗಿದೆ. ಗಡಿ ಇದ್ದಾಗಿನ ಕ್ಯಾಸಲ್‌ರಾಕ್ ಕಂಡವರು ಎಪ್ಪತ್ತು, ಎಂಬತ್ತು ದಾಟಿದ್ದಾರೆ.

2020ರಲ್ಲಿ ಹುಬ್ಬಳ್ಳಿಯಲ್ಲಿ ರೈಲು ಮ್ಯೂಸಿಯಂ ತೆರೆದರು. ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ಕಟ್ಟಡಗಳನ್ನು ಉಳಿಸಿ, ಪ್ರೀತಿಯಿಂದ ಮಾಡಿದ ಕೆಲಸ ಅದು. ನೈಋತ್ಯ ರೈಲ್ವೆಯವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಗುಜರಿಗೆ ಹೋಗದೆ ಉಳಿದ ಘಾಟದ ಕಾಗದಪತ್ರ, ಕಂದೀಲು, ಚಿತ್ರಗಳನ್ನು ಒಂದೆಡೆ ಸೇರಿಸಲಿ. ಕ್ಯಾಸಲ್‌ರಾಕ್‌ನ ಫಲಾಟದ ಮೇಲೆ ಇಲ್ಲಿ ಸುಂಕದ ಕಟ್ಟೆ ಇತ್ತು, 1955ರ ಸತ್ಯಾಗ್ರಹ ನಡೆಯಿತು, ಇಷ್ಟು ಜನ ಗ್ಯಾಂಗ್‌ಮನ್‌ಗಳು ಈ ಹಳಿ ಕಾದರು ಎಂದು ಕನ್ನಡದಲ್ಲಿ, ಕೊಂಕಣಿಯಲ್ಲಿ ಒಂದು ಫಲಕ ನಿಲ್ಲಿಸಲಿ. ಧಾರವಾಡದ, ಕಾರವಾರದ ಕಾಲೇಜುಗಳ ಮೇಷ್ಟ್ರುಗಳೇ, ನಿಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಮೊಬೈಲ್ ಇದೆ, ಅದರಲ್ಲಿ ದನಿ ಹಿಡಿಯಬಹುದು. ಲೋಂಡಾ, ಅಳ್ನಾವರ, ಹುಬ್ಬಳ್ಳಿಯ ರೈಲ್ವೆ ಕಾಲನಿಗಳಲ್ಲಿ ಕೂತಿರುವ ಆ ಹಿರಿಯರ ಬಳಿಗೆ ಅವರನ್ನು ಈ ಮಳೆಗಾಲಕ್ಕೆ ಮೊದಲೇ ಕಳಿಸಿ.